ಅಭಿಮಾನಿ ಬಳಗದಲ್ಲಿ ಬಿಗಿ ಎಷ್ಟಿರಬೇಕು, ಯಾರ ಮೇಲಿರಬೇಕು?

ಪ್ರಶ್ನೆ: ಒಂದು ವೆಬ್ ಸರಣಿಯ ಅಭಿಮಾನಿಗಳಿಗಾಗಿ ನಾವು ಮೂವರು ಗೆಳೆಯರು ಸೇರಿ ಆನ್‌ಲೈನ್ ಚರ್ಚಾ ಬಳಗ ಕಟ್ಟಿದೆವು. ಮೊದಲ ಸೀಸನ್ನಿನಲ್ಲಿ 200 ಜನರಿದ್ದರು, ಮೂರನೆಯದು ಮುಗಿಯುವ ಹೊತ್ತಿಗೆ 6,000 ದಾಟಿದರು. ಈಗ ದಿನಕ್ಕೊಂದು ಜಗಳ. ಯಾರಾದರೂ ‘ಈ ಎಪಿಸೋಡ್ ಸಪ್ಪೆಯಾಗಿತ್ತು’ ಎಂದರೆ ಸಾಕು, ಹತ್ತಾರು ಜನ ಮೇಲೆ ಬೀಳುತ್ತಾರೆ. ಕಾಮೆಂಟ್ ಡಿಲೀಟ್ ಮಾಡಿದರೆ ನಾವು ಸರ್ವಾಧಿಕಾರಿಗಳು ಎನ್ನುತ್ತಾರೆ. ಬಿಟ್ಟರೆ ಚೆನ್ನಾಗಿ ಬರೆಯುತ್ತಿದ್ದವರು ಸದ್ದಿಲ್ಲದೆ ಜಾಗ ಖಾಲಿ ಮಾಡುತ್ತಾರೆ. ನಮ್ಮಲ್ಲೇ ಒಬ್ಬರು ‘ಎಲ್ಲ ಬಿಗಿ ಮಾಡೋಣ’ ಎನ್ನುತ್ತಾರೆ, ಇನ್ನೊಬ್ಬರು ‘ಎಲ್ಲರೂ ದೊಡ್ಡವರೇ, ಅವರವರೇ ಸರಿಮಾಡಿಕೊಳ್ಳಲಿ’ ಎನ್ನುತ್ತಾರೆ. ಎಷ್ಟು ಬಿಗಿಯಾಗಿರಬೇಕು?

ಉತ್ತರ: ನಿಮ್ಮ ಗೆಳೆಯರಿಬ್ಬರೂ ಅರ್ಧರ್ಧ ಸರಿ. ಸರಣಿಯ ಬಗ್ಗೆ ಜನ ಏನು ಹೇಳುತ್ತಾರೆ ಎಂಬುದರಲ್ಲಿ ಕೈ ಸಡಿಲ ಬಿಡಿ, ಬಹಳ ಸಡಿಲ ಬಿಡಿ. ಒಬ್ಬ ಸದಸ್ಯ ಇನ್ನೊಬ್ಬ ಸದಸ್ಯನ ಜೊತೆ ಹೇಗೆ ನಡೆದುಕೊಳ್ಳುತ್ತಾನೆ ಎಂಬುದರಲ್ಲಿ ಬಿಗಿ ಹಿಡಿಯಿರಿ. ಇದು ಹೊಸ ಮಾತೇನಲ್ಲ, ಹೆಚ್ಚುಕಡಿಮೆ ಎಲ್ಲ ಬಳಗಗಳ ನಿಯಮಗಳಲ್ಲೂ ಬರೆದಿರುತ್ತದೆ. ಆದರೂ ಬಳಗಗಳು ಕೆಡುತ್ತವೆ. ಇಂಥ ಬಳಗಗಳನ್ನು ಹನ್ನೆರಡು ವರ್ಷ ನೋಡಿಕೊಂಡ ಮೇಲೆ ನನಗೆ ಕಂಡ ಮುಖ್ಯ ಕಾರಣ ಒಂದೇ: ನಿಯಮ ಬೀಳಬೇಕಾದವರ ಮೇಲೆ ಬೀಳುವುದಿಲ್ಲ.

ಹೊರಗಿನಿಂದ ಬಂದು ಗಲಾಟೆ ಎಬ್ಬಿಸುವ ಕಿಡಿಗೇಡಿಯನ್ನು ಗುರುತಿಸುವುದು ಸುಲಭ. ಅವನನ್ನು ಹೊರಗೆ ಹಾಕಿದರೆ ಬಳಗವೆಲ್ಲ ಚಪ್ಪಾಳೆ ತಟ್ಟುತ್ತದೆ. ಕಷ್ಟ ಬರುವುದು ನಮ್ಮವರಿಂದ. ಮೊದಲ ದಿನದಿಂದ ಇದ್ದವರು, ಪ್ರತಿ ಎಪಿಸೋಡಿನ ಟಿಪ್ಪಣಿ ಬರೆಯುವವರು, ಹಬ್ಬದಂತೆ ಹುಟ್ಟುಹಬ್ಬ ಆಚರಿಸುವವರು, ಅಡ್ಮಿನ್‌ಗಳಿಗೆ ಆಪ್ತರು. ಸರಣಿಯನ್ನು ಯಾರಾದರೂ ಟೀಕಿಸಿದರೆ ಅವರಿಗೆ ತಡೆಯಲಾಗುವುದಿಲ್ಲ. ಟೀಕಿಸಿದವನ ಮೇಲೆ ಹರಿಹಾಯುತ್ತಾರೆ, ಅದನ್ನು ನಿಷ್ಠೆ ಎಂದುಕೊಳ್ಳುತ್ತಾರೆ. ನಾವೂ ಹಾಗೆಯೇ ಅಂದುಕೊಂಡು ಸುಮ್ಮನಿರುತ್ತೇವೆ. ‘ಅಭಿಮಾನ’ ಎಂಬ ಮಾತಿನಲ್ಲೇ ಪ್ರೀತಿಯೂ ಇದೆ, ‘ನಾನು’ ಎಂಬ ಹೆಮ್ಮೆಯೂ ಇದೆ. ತಾನು ಮೆಚ್ಚಿದ ಕಥೆಯನ್ನು ಬೈದರೆ ತನ್ನನ್ನೇ ಬೈದಂತೆ ಎಂದು ಅಭಿಮಾನಿಗೆ ನಿಜವಾಗಿ ಅನಿಸುತ್ತದೆ. ಅದನ್ನು ನಾಟಕ ಎಂದು ತಳ್ಳಿಹಾಕಬೇಡಿ. ಆದರೆ ಆ ನೋವು ಇನ್ನೊಬ್ಬರನ್ನು ನೋಯಿಸಲು ಪರವಾನಗಿ ಆಗಬಾರದು.

ನನ್ನ ಬಳಗವೊಂದರಲ್ಲಿ ನಡೆದದ್ದು ಹೇಳುತ್ತೇನೆ. ಬಳಗಕ್ಕೆ ಬೆನ್ನೆಲುಬಿನಂತಿದ್ದ ಹಳೆಯ ಸದಸ್ಯರೊಬ್ಬರು ಹೊಸಬರ ಮೇಲೆ ಬಹಳ ಖಾರವಾಗಿ ಬರೆಯುತ್ತಿದ್ದರು. ಬೈಗುಳ ಬಳಸುತ್ತಿರಲಿಲ್ಲ. ‘ನಿಮಗೆ ಅರ್ಥವಾಗುವ ಮಟ್ಟದ್ದಲ್ಲ ಬಿಡಿ’ ಎಂಬ ಧಾಟಿ. ಅವರಿಗೆ ಬುದ್ಧಿ ಹೇಳಿದರೆ ಬಳಗ ಬಿಟ್ಟುಬಿಡುತ್ತಾರೇನೋ ಎಂದು ನಾನು ಒಂದು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಅದೇ ಅವಧಿಯಲ್ಲಿ ಅವರ ಧಾಟಿಯಲ್ಲೇ ಬರೆದ ಒಬ್ಬ ಹೊಸ ಸದಸ್ಯನನ್ನು ಎರಡು ವಾರ ಬ್ಲಾಕ್ ಮಾಡಿದ್ದೆ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ. ಜನ ಅದನ್ನು ಗಮನಿಸಿದ್ದರು, ನನಗೆ ಯಾರೂ ಹೇಳಲಿಲ್ಲ, ಅಷ್ಟೆ. ಕೊನೆಗೆ ಹಳೆಯ ಪೋಸ್ಟ್‌ಗಳನ್ನು ಕುಳಿತು ಓದಿದಾಗ ಕಂಡಿತು: ಆ ಒಬ್ಬರಿಂದ ಪೆಟ್ಟು ತಿಂದ ಹೊಸಬರಲ್ಲಿ ಎರಡನೆಯ ಸಲ ಬರೆದವರು ಇಲ್ಲವೆನ್ನುವಷ್ಟು ಕಡಿಮೆ. ಒಬ್ಬರನ್ನು ಉಳಿಸಿಕೊಳ್ಳಲು ಹೋಗಿ ಎಷ್ಟು ಜನರನ್ನು ಕಳೆದುಕೊಂಡೆನೋ ಲೆಕ್ಕವಿಲ್ಲ. ನಿಮ್ಮ ಪತ್ರದಲ್ಲಿ ‘ಸದ್ದಿಲ್ಲದೆ ಜಾಗ ಖಾಲಿ ಮಾಡುತ್ತಾರೆ’ ಎಂದು ಓದಿದಾಗ ಅದೇ ನೆನಪಾಯಿತು.

ಹಾಗಾಗಿ ಮೊದಲ ಕೆಲಸ, ಗೆರೆ ಎಲ್ಲಿದೆ ಎಂದು ನೀವು ಮೂವರೂ ಕುಳಿತು ಒಪ್ಪಿಕೊಳ್ಳುವುದು. ಕಥೆ, ಪಾತ್ರ, ಸಂಭಾಷಣೆ, ನಿರ್ದೇಶನ, ಸಂಗೀತ, ಇವುಗಳ ಬಗ್ಗೆ ಯಾರು ಏನು ಬೇಕಾದರೂ ಹೇಳಲಿ. ‘ಮೂರನೆಯ ಸೀಸನ್ ಬರೆದವರಿಗೆ ಮೊದಲ ಎರಡು ಸೀಸನ್ ನೆನಪೇ ಇಲ್ಲ’ ಎಂಬುದು ಕಟುವಾಗಿದೆ, ಇರಲಿ. ‘ನಾಯಕಿಯ ನಟನೆ ಮರದ ಕೊರಡಿನಂತಿತ್ತು’ ಎಂಬುದೂ ಇರಲಿ. ಅದೇ ನಾಯಕಿಯ ಮೈಬಣ್ಣ, ತೂಕ, ಮದುವೆ, ಮನೆಯವರ ಕಡೆಗೆ ಮಾತು ಹೊರಳಿದರೆ ಅದು ಕಲೆಯ ವಿಮರ್ಶೆಯಲ್ಲ, ತೆಗೆಯಿರಿ. ಇನ್ನು ಸದಸ್ಯರ ನಡುವೆ: ‘ಈ ವಾದ ತಪ್ಪು’ ಎನ್ನಬಹುದು, ‘ಹೀಗೆ ವಾದಿಸುವವನು ಮೂರ್ಖ’ ಎನ್ನಬಾರದು. ಮೊದಲಿನದು ಮಾತಿನ ಮೇಲೆ, ಎರಡನೆಯದು ಮನುಷ್ಯನ ಮೇಲೆ. ಯಾವ ಪಾತ್ರಕ್ಕೆ ಯಾರು ಜೋಡಿಯಾಗಬೇಕು ಎಂಬ ಜಗಳಗಳಲ್ಲಿ ಈ ಗೆರೆ ಎಲ್ಲಕ್ಕಿಂತ ಬೇಗ ಅಳಿಸಿಹೋಗುತ್ತದೆ. ‘ಆ ಜೋಡಿಯನ್ನು ಇಷ್ಟಪಡುವವರು ಎಂಥವರು ಅಂತ ಗೊತ್ತು’ ಎಂಬ ಒಂದು ವಾಕ್ಯದಿಂದ ಮೂರು ದಿನದ ಯುದ್ಧ ಶುರುವಾಗಿದ್ದನ್ನು ನೋಡಿದ್ದೇನೆ.

ಗೆರೆ ಹಾಕಿಕೊಂಡರೂ ಹಿಡಿಗೆ ಸಿಗದ ಒಂದು ಸಂಗತಿ ಇದೆ, ನೀವು ಬರೆದಿದ್ದೂ ಅದನ್ನೇ: ಹತ್ತಾರು ಜನ ಒಬ್ಬರ ಮೇಲೆ ಬೀಳುವುದು. ಇಲ್ಲಿ ಬಿಡಿಬಿಡಿಯಾಗಿ ನೋಡಿದರೆ ಯಾವ ಕಾಮೆಂಟೂ ತಪ್ಪಲ್ಲ. ಒಬ್ಬರು ಮರ್ಯಾದೆಯಿಂದಲೇ ‘ನಿಮ್ಮ ಮಾತು ಒಪ್ಪುವುದಿಲ್ಲ’ ಎನ್ನುತ್ತಾರೆ. ಅದನ್ನೇ ನಲವತ್ತು ಜನ ಅರ್ಧ ಗಂಟೆಯಲ್ಲಿ ಹೇಳಿದರೆ ಬರೆದವರ ಫೋನು ನಲವತ್ತು ಸಲ ಸದ್ದು ಮಾಡುತ್ತದೆ, ಕೈ ನಡುಗುತ್ತದೆ. ನಲವತ್ತರಲ್ಲಿ ಯಾರಿಗೆ ಎಚ್ಚರಿಕೆ ಕೊಡುತ್ತೀರಿ? ಯಾರಿಗೂ ಕೊಡಲಾಗದು, ಕೊಡಬೇಡಿ. ಆ ಪೋಸ್ಟಿನ ಬಾಗಿಲನ್ನು ಕೆಲ ಗಂಟೆ ಮುಚ್ಚಿ. ‘ಇಲ್ಲಿ ಹೇಳಬೇಕಾದ್ದನ್ನು ಹೇಳಿಯಾಗಿದೆ. ಚರ್ಚೆ ನಾಳೆ ಬೆಳಿಗ್ಗೆ ಮತ್ತೆ ತೆರೆಯುತ್ತದೆ. ಪೋಸ್ಟ್ ಬರೆದವರು ಯಾವ ನಿಯಮವನ್ನೂ ಮುರಿದಿಲ್ಲ’ ಎಂದು ಕೆಳಗೆ ಬರೆಯಿರಿ. ಕೊನೆಯ ವಾಕ್ಯವನ್ನು ಮರೆಯಬೇಡಿ. ಬಾಗಿಲು ಮುಚ್ಚಿದ್ದನ್ನು ನೋಡಿದವರು ತಪ್ಪು ಪೋಸ್ಟ್ ಬರೆದವರದೇ ಎಂದುಕೊಳ್ಳುತ್ತಾರೆ. ನೀವು ಹಾಗಲ್ಲ ಎಂದು ಎಲ್ಲರ ಮುಂದೆ ಹೇಳಿದರೆ ಆ ವ್ಯಕ್ತಿ ಉಳಿಯುತ್ತಾರೆ. ಆಮೇಲೆ ಅವರಿಗೆ ಖಾಸಗಿಯಾಗಿ ಎರಡು ಸಾಲು ಬರೆದು ವಿಚಾರಿಸಿಕೊಳ್ಳಿ. ಅಡ್ಮಿನ್ ಕೆಲಸದಲ್ಲಿ ಡಿಲೀಟ್ ಗುಂಡಿಗಿಂತ ಈ ಎರಡು ಸಾಲಿಗೆ ಬೆಲೆ ಹೆಚ್ಚು.

200 ಜನರಿದ್ದಾಗ ನಿಯಮ ಬರೆದಿಡುವ ಅಗತ್ಯವೇ ನಿಮಗೆ ಕಂಡಿರಲಾರದು. ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿಯುತ್ತಿದ್ದರು. ಇಂಟರ್ನೆಟ್ಟಿನ ಚರ್ಚಾ ಜಾಲಗಳಲ್ಲಿ ತೀರ ಹಳೆಯದಾದ ಯೂಸ್‌ನೆಟ್ 1980ರಲ್ಲಿ ಶುರುವಾದಾಗ ಅಲ್ಲೂ ಹೀಗೆಯೇ ಇತ್ತು. ಪ್ರತಿ ಸೆಪ್ಟೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳಿಗೆ ಸೇರಿದ ಹೊಸ ವಿದ್ಯಾರ್ಥಿಗಳು ಬಂದು ಒಂದಷ್ಟು ದಿನ ಗದ್ದಲ ಮಾಡುತ್ತಿದ್ದರು, ಹಳಬರು ತಿದ್ದುತ್ತಿದ್ದರು, ಮತ್ತೆ ಎಲ್ಲ ತಣ್ಣಗಾಗುತ್ತಿತ್ತು. 1993ರ ಹೊತ್ತಿನಿಂದ ಇಂಟರ್ನೆಟ್ ಸೇವೆಯ ಕಂಪನಿಗಳು ತಮ್ಮ ಗ್ರಾಹಕರಿಗೆಲ್ಲ ಆ ಬಾಗಿಲು ತೆರೆದವು. ಹೊಸಬರು ಬರುವ ವೇಗಕ್ಕೆ ಹಳಬರ ತಿದ್ದುವ ಶಕ್ತಿ ಸಾಲದೆ ಹೋಯಿತು. ಹಳಬರು ಅದನ್ನು ‘ಮುಗಿಯದ ಸೆಪ್ಟೆಂಬರ್’ ಎಂದು ಕರೆದರು. ನಿಮ್ಮ ಬಳಗಕ್ಕೆ ಈಗ ಅದೇ ಸೆಪ್ಟೆಂಬರ್ ಬಂದಿದೆ. ಜನ ಕೆಟ್ಟವರಾಗಿಲ್ಲ, ಅವರಿಗೆ ಇಲ್ಲಿನ ರೀತಿ ಗೊತ್ತಿಲ್ಲ.

ಗೊತ್ತು ಮಾಡಿಸುವುದು ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ಒಳ್ಳೆಯ ಸಾಕ್ಷ್ಯ ಇದೆ. ನೇಥನ್ ಮಟಾಯಸ್ ಎಂಬ ಸಂಶೋಧಕ ರೆಡಿಟ್ ಎಂಬ ಚರ್ಚಾ ತಾಣದ ದೊಡ್ಡದೊಂದು ವಿಜ್ಞಾನ ಬಳಗದ 2,190 ಚರ್ಚೆಗಳಲ್ಲಿ ಪ್ರಯೋಗ ಮಾಡಿ 2019ರಲ್ಲಿ ಪ್ರಕಟಿಸಿದರು. ಕೆಲವು ಚರ್ಚೆಗಳ ನೆತ್ತಿಯ ಮೇಲೆ ನಿಯಮಗಳನ್ನು ಅಂಟಿಸಿದರು, ಕೆಲವಕ್ಕೆ ಅಂಟಿಸಲಿಲ್ಲ. ನಿಯಮ ಕಾಣುವಂತಿದ್ದ ಕಡೆ ಹೊಸಬರು ನಿಯಮ ಪಾಲಿಸುವ ಪ್ರಮಾಣ ಶೇಕಡಾ 8 ಅಂಶಕ್ಕಿಂತ ಹೆಚ್ಚು ಏರಿತು. ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಫಲಿತಾಂಶ: ಹೊಸಬರ ಭಾಗವಹಿಸುವಿಕೆ ಸರಾಸರಿ ಶೇ 70ರಷ್ಟು ಹೆಚ್ಚಾಯಿತು. ನಿಯಮ ಹಾಕಿದರೆ ಜನ ಹೆದರಿ ಓಡುತ್ತಾರೆ ಎಂಬ ಅಂಜಿಕೆ ನಿಮ್ಮ ಎರಡನೆಯ ಗೆಳೆಯರಿಗಿದ್ದರೆ ಅದಕ್ಕೆ ಇದೇ ಉತ್ತರ. ಇಲ್ಲಿ ತನ್ನನ್ನು ಯಾರೂ ಹರಿದು ತಿನ್ನುವುದಿಲ್ಲ ಎಂದು ಗೊತ್ತಾದಾಗಲೇ ಮುಜುಗರದ ಸ್ವಭಾವದವರು ಬಾಯಿ ಬಿಡುವುದು.

ನಿಯಮ ನಾಲ್ಕೈದಕ್ಕಿಂತ ಹೆಚ್ಚು ಬೇಡ. ಒಂದೊಂದೂ ಒಂದು ವಾಕ್ಯ, ಜೊತೆಗೊಂದು ಉದಾಹರಣೆ. ‘ಸಭ್ಯವಾಗಿರಿ’ ಎಂದು ಬರೆದರೆ ಏನೂ ಬರೆದಂತಲ್ಲ, ಪ್ರತಿಯೊಬ್ಬನೂ ತಾನು ಸಭ್ಯನೇ ಎಂದುಕೊಂಡಿರುತ್ತಾನೆ.

ಇನ್ನು ಶಿಕ್ಷೆ. ಇಲ್ಲಿ ಹೆಚ್ಚಿನ ಅಡ್ಮಿನ್‌ಗಳು ಎರಡೇ ಅಳತೆ ಇಟ್ಟುಕೊಂಡಿರುತ್ತಾರೆ: ಸುಮ್ಮನಿರುವುದು, ಇಲ್ಲವೇ ಹೊರಗೆ ಹಾಕುವುದು. ತಿಂಗಳುಗಟ್ಟಲೆ ಸಹಿಸಿಕೊಂಡು ಒಂದು ರಾತ್ರಿ ತಾಳ್ಮೆ ಕೆಟ್ಟು ಕೊಡಲಿ ಎತ್ತುತ್ತಾರೆ. ಉಗುರಿನಲ್ಲಿ ಹೋಗುವ ಹೊತ್ತಿನಲ್ಲಿ ಉಗುರನ್ನೇ ಬಳಸಿ. ಎಲಿನೋರ್ ಆಸ್ಟ್ರಮ್ ಎಂಬ ವಿದ್ವಾಂಸೆ, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ, ಜನ ಹಂಚಿಕೊಂಡು ಬಳಸುವ ಕೆರೆ, ಕಾಲುವೆ, ಮೀನುಗಾರಿಕೆ, ಹುಲ್ಲುಗಾವಲುಗಳು ಎಲ್ಲಿ ಉಳಿದವು, ಎಲ್ಲಿ ಹಾಳಾದವು ಎಂದು ದಶಕಗಳ ಕಾಲ ಅಧ್ಯಯನ ಮಾಡಿದರು. ಉಳಿದುಕೊಂಡ ಕಡೆಗಳಲ್ಲಿ ಸಾಮಾನ್ಯವಾಗಿ ಕಂಡ ಲಕ್ಷಣಗಳಲ್ಲಿ ಒಂದು, ಮೊದಲ ತಪ್ಪಿಗೆ ಹಗುರ ಶಿಕ್ಷೆ, ಮತ್ತೆ ಮತ್ತೆ ಮಾಡಿದರೆ ಹಂತಹಂತವಾಗಿ ಭಾರ. ಇನ್ನೊಂದು, ನಿಯಮಕ್ಕೆ ಒಳಪಡುವವರಿಗೇ ಅದನ್ನು ತಿದ್ದುವುದರಲ್ಲಿ ಪಾಲು. ಮೂರನೆಯದು, ಕಾವಲುಗಾರರೂ ಬಳಗಕ್ಕೆ ಲೆಕ್ಕ ಒಪ್ಪಿಸಬೇಕು. ಅಭಿಮಾನಿ ಬಳಗವೂ ಎಲ್ಲರೂ ಸೇರಿ ಬಳಸುವ ಒಂದು ಕೆರೆಯೇ, ಒಬ್ಬ ಕಲಕಿದರೂ ಎಲ್ಲರೂ ಕುಡಿಯುವ ನೀರು ಕೆಡುತ್ತದೆ.

ನಿಮ್ಮಲ್ಲಿ ಇದು ಹೀಗಿರಬಹುದು: ಮೊದಲ ಸಲ ಕಾಮೆಂಟ್ ತೆಗೆದು ಖಾಸಗಿಯಾಗಿ ಕಾರಣ ಹೇಳುವುದು. ಎರಡನೆಯ ಸಲ ಸ್ಪಷ್ಟ ಎಚ್ಚರಿಕೆ. ಮೂರನೆಯದಕ್ಕೆ ಮೂರು ದಿನ ಬರೆಯುವಂತಿಲ್ಲ. ಆಮೇಲೆ ಒಂದು ತಿಂಗಳು. ಕೊನೆಗೆ ಹೊರಗೆ. ತಪ್ಪಿಲ್ಲದೆ ಆರು ತಿಂಗಳು ಕಳೆದರೆ ಹಳೆಯ ಲೆಕ್ಕ ಅಳಿಸಿಹಾಕಿ. ಕಾರಣ ಹೇಳುವ ಭಾಗವನ್ನು ಮಾತ್ರ ಎಂದೂ ಬಿಡಬೇಡಿ. ರೆಡಿಟ್‌ನ 3.2 ಕೋಟಿ ಪೋಸ್ಟ್‌ಗಳನ್ನು ಪರಿಶೀಲಿಸಿದ 2019ರ ಅಧ್ಯಯನವೊಂದರಲ್ಲಿ, ಪೋಸ್ಟ್ ತೆಗೆದಾಗ ಕಾರಣ ತಿಳಿಸಿದರೆ ಆ ಸದಸ್ಯರ ಪೋಸ್ಟ್ ಮುಂದೆ ಮತ್ತೆ ತೆಗೆಯಬೇಕಾಗುವ ಸಂಭವ ಕಡಿಮೆಯಾಗುತ್ತದೆ ಎಂದು ಕಂಡುಬಂತು. ಇದಕ್ಕೆ ತಿರುಗುಮುರುಗಾದ ಎಚ್ಚರಿಕೆಯೂ ಇದೆ: ಮೂರು ಸುದ್ದಿ-ಮನರಂಜನೆ ತಾಣಗಳ ಓದುಗರ ಚರ್ಚೆಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ, ಬಳಗ ಅತಿಯಾಗಿ ಕಠಿಣವಾಗಿ ನಡೆಸಿಕೊಂಡಾಗ ಗಲಾಟೆ ಮಾಡುವವರ ನಡತೆ ಇನ್ನಷ್ಟು ಕೆಟ್ಟಿತು. ಕಾರಣವಿಲ್ಲದ ಬಿಗಿ, ತಪ್ಪು ಮಾಡಿದವನನ್ನು ಶತ್ರುವನ್ನಾಗಿ ಮಾಡುತ್ತದೆ.

ಸಿಟ್ಟಿನಲ್ಲಿ ಮಾತ್ರ ಯಾರನ್ನೂ ಹೊರಗೆ ಹಾಕಬೇಡಿ. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ. ಮೂರು ದಿನದ ತಡೆ ಹಾಕಿ ಮಲಗಿ, ಬೆಳಿಗ್ಗೆ ಮೂವರೂ ಕೂಡಿ ತೀರ್ಮಾನಿಸಿ.

ಆದರೆ ಈ ಮೆಟ್ಟಿಲುಗಳು ಅನ್ವಯಿಸದ ಕೆಲವು ಸಂಗತಿಗಳಿವೆ. ಯಾರದೇ ಫೋನ್ ನಂಬರು, ವಿಳಾಸ, ಕೆಲಸದ ಜಾಗ, ಖಾಸಗಿ ಫೋಟೊ ಹಾಕುವುದು. ಹೊಡೆಯುತ್ತೇವೆ, ಮುಗಿಸುತ್ತೇವೆ ಎಂಬ ಬೆದರಿಕೆ. ಮಕ್ಕಳಿಗೆ ಖಾಸಗಿಯಾಗಿ ಅಸಹ್ಯವಾದದ್ದನ್ನು ಕಳಿಸುವುದು. ಜಾತಿ, ಧರ್ಮ, ಲಿಂಗ ಹಿಡಿದು ಹೀಯಾಳಿಸುವುದು. ಇಲ್ಲಿ ಎಚ್ಚರಿಕೆ ಇಲ್ಲ, ಎರಡನೆಯ ಅವಕಾಶ ಇಲ್ಲ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಪೋಸ್ಟ್ ತೆಗೆಯಿರಿ, ಸದಸ್ಯನನ್ನು ಹೊರಗೆ ಹಾಕಿ, ವೇದಿಕೆಯ ಕಂಪನಿಗೆ ದೂರು ಕೊಡಿ, ಬೆದರಿಕೆ ಇದ್ದರೆ ಪೊಲೀಸರಿಗೂ. ಬರೆದವನು ಹತ್ತು ವರ್ಷದ ಗೆಳೆಯನಾದರೂ ಅಷ್ಟೇ. ಮೊದಲು ಸಾಕ್ಷ್ಯ, ಆಮೇಲೆ ಡಿಲೀಟ್, ಈ ಕ್ರಮ ತಪ್ಪಬೇಡಿ. ಗಾಬರಿಯಲ್ಲಿ ತೆಗೆದುಹಾಕಿ, ನೊಂದವರು ದೂರು ಕೊಡಲು ಹೋದಾಗ ಕೈಯಲ್ಲಿ ಏನೂ ಇಲ್ಲದೆ ನಿಂತದ್ದನ್ನು ಕಂಡಿದ್ದೇನೆ.

ಸ್ಪಾಯ್ಲರ್, ಅಂದರೆ ಇನ್ನೂ ನೋಡದವರಿಗೆ ಕಥೆಯ ಗುಟ್ಟು ಬಿಟ್ಟುಕೊಡುವ ಮಾತು, ಅದರ ವಿಷಯಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. 1980ರ ದಶಕದಲ್ಲೇ ಯೂಸ್‌ನೆಟ್ಟಿನ ಅಭಿಮಾನಿಗಳು ಇದಕ್ಕೆ ಚೆಂದದ ದಾರಿ ಕಂಡುಕೊಂಡಿದ್ದರು. ಇಂಗ್ಲಿಷ್ ವರ್ಣಮಾಲೆಯ ಪ್ರತಿ ಅಕ್ಷರವನ್ನು 13 ಸ್ಥಾನ ಮುಂದಕ್ಕೆ ತಳ್ಳಿ ಬರೆಯುತ್ತಿದ್ದರು. 26 ಅಕ್ಷರಗಳಿರುವುದರಿಂದ ಮತ್ತೆ 13 ಸ್ಥಾನ ತಳ್ಳಿದರೆ ಮೂಲ ಮಾತು ವಾಪಸ್ ಬರುತ್ತದೆ. ಕಥೆ ಗೊತ್ತಾಗಲಿ ಎನ್ನುವವನು ಬಿಡಿಸಿ ಓದುತ್ತಿದ್ದ, ಬೇಡ ಎನ್ನುವವನು ಮುಂದೆ ಹೋಗುತ್ತಿದ್ದ. ಮಾತನ್ನು ಅಳಿಸಲಿಲ್ಲ, ಮುಚ್ಚಿಟ್ಟು ಆಯ್ಕೆಯನ್ನು ಓದುವವನ ಕೈಗೆ ಕೊಟ್ಟರು. ಈಗ ಬಹುತೇಕ ವೇದಿಕೆಗಳಲ್ಲಿ ಸಾಲನ್ನು ಮಸುಕು ಮಾಡುವ ಗುಂಡಿಯೇ ಇದೆ. ಎಪಿಸೋಡ್ ಬಂದು ಒಂದು ವಾರದ ತನಕ ಮಸುಕು ಕಡ್ಡಾಯ, ಆಮೇಲೆ ಇಲ್ಲ ಎಂದು ದಿನ ಗೊತ್ತುಮಾಡಿ ಮುಗಿಸಿ.

ದೊಡ್ಡ ಎಪಿಸೋಡ್ ಬರುವ ರಾತ್ರಿಗೆ ಬೇರೆಯೇ ತಯಾರಿ ಬೇಕು. ಗಲಾಟೆ ಮಾಡುವ ಜನರೇ ಬೇರೆ ಜಾತಿಯವರು ಎಂದು ನಾವು ನಂಬಿರುತ್ತೇವೆ. ಸ್ಟ್ಯಾನ್‌ಫರ್ಡ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗ ಹಾಗಲ್ಲ ಎನ್ನುತ್ತದೆ. ಕೆಲವರಿಗೆ ಮೊದಲು ಕಷ್ಟದ ಪರೀಕ್ಷೆ ಕೊಟ್ಟು ಮನಸ್ಸು ಕೆಡಿಸಿದರು, ಕೆಲವರಿಗೆ ಸುಲಭದ್ದು ಕೊಟ್ಟರು. ಆಮೇಲೆ ಒಂದು ಲೇಖನದ ಕೆಳಗೆ ಕಾಮೆಂಟ್ ಬರೆಯಲು ಹೇಳಿದರು. ಕೆಲವರಿಗೆ ಅಲ್ಲಿ ಮೊದಲೇ ಕೆಟ್ಟ ಕಾಮೆಂಟ್‌ಗಳು ಕಾಣುತ್ತಿದ್ದವು. ಮನಸ್ಸೂ ಚೆನ್ನಾಗಿದ್ದು ಮೇಲಿನ ಕಾಮೆಂಟ್‌ಗಳೂ ಸರಿಯಿದ್ದಾಗ ಬಂದ ಕಾಮೆಂಟ್‌ಗಳಲ್ಲಿ ಕೆಣಕುವಂಥವು ಶೇ 35, ಎರಡೂ ಕೆಟ್ಟಿದ್ದಾಗ ಶೇ 68. ಅಂದರೆ ಸಾಮಾನ್ಯ ಮನುಷ್ಯನೇ ಕೆಟ್ಟ ಹೊತ್ತಿನಲ್ಲಿ, ಕೆಟ್ಟ ಮಾತುಗಳ ನಡುವೆ, ಕೆಟ್ಟದಾಗಿ ಬರೆಯುತ್ತಾನೆ. ಪ್ರೀತಿಯ ಪಾತ್ರ ಸತ್ತ ರಾತ್ರಿ ನಿಮ್ಮ 6,000 ಜನರಲ್ಲಿ ಎಷ್ಟು ಜನರ ಮನಸ್ಸು ಸರಿಯಿರುತ್ತದೆ? ಆದ್ದರಿಂದ ಆ ರಾತ್ರಿ ಮೊದಲ ಒಂದು ಗಂಟೆ ಚರ್ಚೆಯ ಮೇಲೆ ಕಣ್ಣಿಡುವುದು ಮುಖ್ಯ. ಮೊದಲ ಇಪ್ಪತ್ತು ಕಾಮೆಂಟ್‌ಗಳ ಧಾಟಿಯನ್ನೇ ಮುಂದಿನ ಇನ್ನೂರು ಹಿಡಿಯುತ್ತವೆ. ಡಿಸ್ಕಾರ್ಡ್, ಟೆಲಿಗ್ರಾಂನಂಥ ಕಡೆ ‘ಸ್ಲೋ ಮೋಡ್’ ಇದೆ, ಒಬ್ಬರು ಒಂದು ಸಲ ಬರೆದ ಮೇಲೆ ಇಂತಿಷ್ಟು ಹೊತ್ತು ಕಾಯಲೇಬೇಕು. ಯಾರ ಬಾಯನ್ನೂ ಮುಚ್ಚದೆ ಜಗಳದ ಉಸಿರು ನಿಧಾನ ಮಾಡುವ ಇಂಥ ಉಪಾಯಗಳನ್ನು ಡಿಲೀಟ್‌ಗಿಂತ ಮೊದಲು ಬಳಸಿ.

ವಾಕ್ ಸ್ವಾತಂತ್ರ್ಯದ ದೂರಿನ ಬಗ್ಗೆ: ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಹೆದರಲೂ ಬೇಡಿ. ಮಾತಾಡುವ ಹಕ್ಕು ಎಲ್ಲರಿಗೂ ಇದೆ, ನೀವು ಕಟ್ಟಿದ ಜಗಲಿಯ ಮೇಲೆಯೇ ನಿಂತು ಬೇರೆಯವರನ್ನು ಬೈಯುವ ಹಕ್ಕು ಅದರೊಳಗೆ ಸೇರಿಲ್ಲ. ಆದರೆ ದೂರುವವರು ಕೆಲವೊಮ್ಮೆ ನಿಜ ಹೇಳುತ್ತಿರುತ್ತಾರೆ. ನೀವು ತೆಗೆದದ್ದು ಕೆಟ್ಟ ನಡತೆಯನ್ನೋ, ನಿಮಗೆ ಹಿಡಿಸದ ಅಭಿಪ್ರಾಯವನ್ನೋ? ನೀವೂ ಅಭಿಮಾನಿಗಳೇ ಅಲ್ಲವೇ. ನಿಮ್ಮ ಮೆಚ್ಚಿನ ಪಾತ್ರವನ್ನು ತೆಗಳಿದ ಕಾಮೆಂಟು ನಿಮ್ಮ ಕಣ್ಣಿಗೆ ಇದ್ದದ್ದಕ್ಕಿಂತ ಒರಟಾಗಿಯೇ ಕಾಣುತ್ತದೆ. ಬೇಲಿಯೇ ಹೊಲ ಮೇಯುವುದು ಹೀಗೆ, ಗೊತ್ತಾಗದಂತೆ. ಅದಕ್ಕೊಂದು ಗಟ್ಟಿ ಕಟ್ಟಳೆ ಇಟ್ಟುಕೊಳ್ಳಿ: ನೀವು ಭಾಗವಹಿಸಿದ ವಾದದಲ್ಲಿ ನೀವು ತೀರ್ಪು ಕೊಡುವಂತಿಲ್ಲ, ಉಳಿದಿಬ್ಬರಲ್ಲಿ ಒಬ್ಬರನ್ನು ಕರೆಯಿರಿ. ಶಿಕ್ಷೆ ಕೊಟ್ಟವರೇ ಮೇಲ್ಮನವಿ ಕೇಳುವಂತಿಲ್ಲ. ತೆಗೆದ ಪ್ರತಿ ಪೋಸ್ಟಿಗೂ ಯಾವಾಗ, ಯಾಕೆ, ಯಾರು ಎಂದು ಒಂದು ಸಾಲಿನ ದಾಖಲೆ ಇಡಿ. ತಿಂಗಳಿಗೊಮ್ಮೆ ಹೆಸರುಗಳಿಲ್ಲದೆ ಲೆಕ್ಕ ಪ್ರಕಟಿಸಿ: ಇಷ್ಟು ಪೋಸ್ಟ್ ತೆಗೆದೆವು, ಇಂಥ ಕಾರಣಕ್ಕೆ, ಇಷ್ಟು ತೀರ್ಪು ಮೇಲ್ಮನವಿಯಲ್ಲಿ ಬದಲಾಯಿತು. ತಪ್ಪಾದಾಗ ಎಲ್ಲರ ಮುಂದೆ ಒಪ್ಪಿಕೊಳ್ಳಿ. ಸರ್ವಾಧಿಕಾರಿ ಎಂಬ ಮಾತಿಗೆ ವಾದದಿಂದ ಉತ್ತರ ಕೊಡಲಾಗುವುದಿಲ್ಲ.

6,000 ಜನಕ್ಕೆ ಮೂವರು ಸಾಲುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಕೆಟ್ಟದ್ದನ್ನೇ ದಿನವಿಡೀ ಓದುವ ಕೆಲಸ ಮನಸ್ಸನ್ನು ತಿನ್ನುತ್ತದೆ. ಇನ್ನೂ ನಾಲ್ಕೈದು ಜನರನ್ನು ಸೇರಿಸಿಕೊಳ್ಳಿ, ಸರಣಿಯನ್ನು ಟೀಕಿಸುವವರ ಪೈಕಿಯೂ ಒಬ್ಬರಿರಲಿ. ಸರದಿ ಮಾಡಿಕೊಳ್ಳಿ, ವಾರಕ್ಕೆರಡು ದಿನ ಬಳಗದ ಕಡೆ ತಲೆ ಹಾಕದೆ ಇರಿ.

ಬಿಗಿ ಸರಿಯಿದೆಯೇ ಎಂದು ದೂರುಗಳ ಸಂಖ್ಯೆ ನೋಡಿ ಅಳೆಯಬೇಡಿ. ದೂರುವವರು ಇನ್ನೂ ಬಳಗದಲ್ಲಿದ್ದಾರೆ. ತಿಂಗಳ ಕೊನೆಗೆ ಮೊದಲ ಸಲ ಬರೆದ ಇಪ್ಪತ್ತು ಜನರನ್ನು ಹುಡುಕಿ, ಅವರಲ್ಲಿ ಎಷ್ಟು ಜನ ಎರಡನೆಯ ಸಲ ಬರೆದರು ನೋಡಿ. ಮೆಚ್ಚದೆ ಬರೆದವರಲ್ಲಿ ಎಷ್ಟು ಜನ ಮತ್ತೆ ಬಂದರು ಎಂಬುದನ್ನು ಬೇರೆಯಾಗಿ ಎಣಿಸಿ. ಆ ಎರಡನೆಯ ಸಂಖ್ಯೆ ಸೊನ್ನೆಯ ಹತ್ತಿರ ಇದ್ದರೆ ನಿಮ್ಮಲ್ಲಿ ನಿಯಮ ಎಷ್ಟೇ ಕಟ್ಟುನಿಟ್ಟಿರಲಿ, ಬಿಗಿ ತಪ್ಪು ಜಾಗದಲ್ಲಿದೆ.

ಎಲ್ಲಿಂದ ಶುರುಮಾಡುವುದು ಎಂದು ಕೇಳಿದರೆ, ನಿಯಮ ಪ್ರಕಟಿಸುವ ಮುಂಚೆ ನಿಮ್ಮ ಬಳಗದ ಎರಡು ಮೂರು ಪ್ರಬಲ ನಿಷ್ಠರಿಗೆ ಒಬ್ಬೊಬ್ಬರಾಗಿ ಬರೆಯಿರಿ. ಯಾರು ಅಂತ ನಿಮಗೆ ಈಗಾಗಲೇ ಗೊತ್ತು. ನಾನು ಒಂದು ವರ್ಷ ತಡಮಾಡಿ ಬರೆದ ಪತ್ರ ಹೆಚ್ಚುಕಡಿಮೆ ಹೀಗಿತ್ತು, ಬೇಕಿದ್ದರೆ ಬಳಸಿಕೊಳ್ಳಿ: ‘ನೀವಿಲ್ಲದಿದ್ದರೆ ಈ ಬಳಗ ಇಷ್ಟು ಬೆಳೆಯುತ್ತಿರಲಿಲ್ಲ. ಅದಕ್ಕೇ ಮೊದಲು ನಿಮಗೆ ಹೇಳುತ್ತಿದ್ದೇನೆ. ಹೊಸಬರಿಗೆ ನೀವು ಬರೆಯುವ ಉತ್ತರಗಳು ಚುಚ್ಚುತ್ತಿವೆ, ಅವರು ಮತ್ತೆ ಬರೆಯುತ್ತಿಲ್ಲ. ಇಷ್ಟು ದಿನ ಸುಮ್ಮನಿದ್ದದ್ದು ನನ್ನ ತಪ್ಪು. ಮುಂದಿನ ವಾರದಿಂದ ನಿಯಮ ಎಲ್ಲರಿಗೂ ಒಂದೇ, ನಿಮಗೂ ಸೇರಿ. ನೀವು ಉಳಿಯಬೇಕು ಎಂಬುದು ನನ್ನ ಆಸೆ.’ ಅವರು ಎಂಟು ದಿನ ಉತ್ತರ ಕೊಡಲಿಲ್ಲ. ಒಂಬತ್ತನೆಯ ದಿನ, ಹೊಸಬನೊಬ್ಬ ‘ಈ ಎಪಿಸೋಡ್ ನನಗೇಕೋ ಹಿಡಿಸಲಿಲ್ಲ’ ಎಂದು ಬರೆದದ್ದರ ಕೆಳಗೆ ‘ಯಾವ ದೃಶ್ಯದಿಂದ ಹಾಗನಿಸಿತು?’ ಎಂದು ಕೇಳಿದ್ದರು.